ಅವಕಾಶವಿರುವುದಿಲ್ಲ ಎಂದ ಮೇಲೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಮಾಹಿತಿ ಹಕ್ಕಿನ ಮೇಲಿನ ಭಾಷಣಗಳು ಹೆಚ್ಚಾಗಿ ಅರ್ಜಿ ಹಾಕುವುದು ಹೇಗೆ ಎನ್ನುವಲ್ಲಿಗೆ ನಿಲ್ಲುತ್ತವೆ. ನಮೂನೆ ‘ಎ’, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನಗಳ ಗಡುವು. ಇಷ್ಟು ಈಗ ನಮ್ಮ ತಾಲ್ಲೂಕಿನಲ್ಲಿ ಬಹಳ ಜನಕ್ಕೆ ಗೊತ್ತು. ನನ್ನ ಹತ್ತಿರ ಬರುವವರು ಅರ್ಜಿ ಬರೆಸಿಕೊಳ್ಳಲು ಬರುವುದಿಲ್ಲ. ಅವರ ಕೈಯಲ್ಲಿ ಆಗಲೇ ಒಂದು ಹಿಂಬರಹ ಇರುತ್ತದೆ. ‘ತಾವು ಕೋರಿರುವ ಮಾಹಿತಿಯನ್ನು ನೀಡಲು ಅವಕಾಶವಿರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಿದೆ.’ ಕೆಳಗೆ ಸಹಿ, ಮೊಹರು. ಅದನ್ನು ಓದಿದ ಮೇಲೆ ಬಹಳಷ್ಟು ಮಂದಿ ಅಲ್ಲಿಗೇ ಕೈಬಿಡುತ್ತಾರೆ. ಕೈಬಿಡದವರು ಕೈಮುಗಿದು ಬೇಡಿಕೊಳ್ಳುವ ಧಾಟಿಯಲ್ಲಿ ಒಂದು ಮೇಲ್ಮನವಿ ಬರೆಯುತ್ತಾರೆ. ದಯಮಾಡಿ ಕೊಡಿಸಿಕೊಡಬೇಕು, ನಾನು ಬಡವ, ನನ್ನ ಮೇಲೆ ಕೃಪೆ ತೋರಬೇಕು ಎಂದು.

ಈ ಧಾಟಿ ಬದಲಾಗಬೇಕು ಎಂದು ಹೇಳುವುದಕ್ಕೇ ನಾನು ಇವತ್ತು ನಿಂತಿರುವುದು. 2005ರ ಮಾಹಿತಿ ಹಕ್ಕು ಅಧಿನಿಯಮದ ಕಲಂ 19(5) ಒಂದು ಸಣ್ಣ ವಾಕ್ಯ. ಮೇಲ್ಮನವಿಯಲ್ಲಿ, ಮಾಹಿತಿ ನಿರಾಕರಿಸಿದ್ದು ಸರಿ ಎಂದು ರುಜುವಾತು ಮಾಡುವ ಹೊಣೆ ನಿರಾಕರಿಸಿದ ಅಧಿಕಾರಿಯದು ಎನ್ನುತ್ತದೆ. ಕೇಳಿದವನದಲ್ಲ. ಮಾಹಿತಿ ಏಕೆ ಬೇಕು ಎಂದು ಕೇಳುವಂತೆಯೇ ಇಲ್ಲ ಎಂದು ಕಲಂ 6(2) ಮೊದಲೇ ಹೇಳಿದೆ. ಎರಡನ್ನೂ ಕೂಡಿಸಿ ಓದಿ. ಅರ್ಜಿದಾರ ಕಾರಣ ಹೇಳಬೇಕಿಲ್ಲ, ಅಧಿಕಾರಿ ಹೇಳಲೇಬೇಕು. ನಮ್ಮ ಆಡಳಿತದಲ್ಲಿ ಕಾರಣ ಕೊಡುವ ಸರದಿ ಜನರಿಂದ ಕಚೇರಿಗೆ ದಾಟಿದ ಜಾಗಗಳು ಬಹಳ ಇಲ್ಲ. ಇದು ಅಂಥ ಒಂದು ಜಾಗ.

ಈ ಹಕ್ಕು ಹುಟ್ಟಿದ್ದೇ ನಿರಾಕರಣೆಯಿಂದ. 1975ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ರಾಜ್ ನಾರಾಯಣ್ ಪ್ರಕರಣ ಬಂದಾಗ ವಿವಾದ ಇದ್ದದ್ದು ‘ನೀಲಿ ಪುಸ್ತಕ’ದ ಮೇಲೆ, ಅಂದರೆ ಪ್ರಧಾನಿಯ ಪ್ರವಾಸದ ಭದ್ರತೆಗೆ ಸಂಬಂಧಿಸಿದ ಸೂಚನೆಗಳ ಮೇಲೆ. ಸರ್ಕಾರ ಅದನ್ನು ಹಾಜರುಪಡಿಸಲು ಒಪ್ಪಲಿಲ್ಲ. ಆ ಪ್ರಕರಣದಲ್ಲೇ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ, ಸಾರ್ವಜನಿಕ ಹುದ್ದೆಯಲ್ಲಿರುವವರು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದನ್ನೂ ತಿಳಿಯುವ ಹಕ್ಕು ಈ ದೇಶದ ಜನಕ್ಕಿದೆ ಎಂದು ಬರೆದರು. ಇಪ್ಪತ್ತು ವರ್ಷದ ನಂತರ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಬರಗಾಲ ಕಾಮಗಾರಿಯ ಹಾಜರಿ ಪಟ್ಟಿ ಕೇಳಿದರು. ಪ್ರತಿ ಕೊಡುತ್ತೇವೆ ಎಂದು ಮುಖ್ಯಮಂತ್ರಿ 1995ರಲ್ಲಿ ವಿಧಾನಸಭೆಯಲ್ಲಿ ಮಾತು ಕೊಟ್ಟರು. ಮಾತು ಆದೇಶವಾಗಲಿಲ್ಲ. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ ಜನ 40 ದಿನ ಧರಣಿ ಕೂತರು. ನೋಡಬಹುದು, ಆದರೆ ನಕಲು ಕೊಡುವುದಿಲ್ಲ ಎಂಬ ಮಾತನ್ನು ಕೂಲಿಕಾರ ಹೆಂಗಸರು ಒಪ್ಪಲಿಲ್ಲ. ಓದಲು ಬಾರದವರು ನಕಲು ಹಿಡಿದುಕೊಂಡು ಹೋಗಿ ಓದಬಲ್ಲವರಿಂದ ಓದಿಸಬೇಕಲ್ಲ! ನಮ್ಮ ರಾಜ್ಯವೂ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. 2005ರ ಅಕ್ಟೋಬರ್ 12ರಿಂದ ಜಮ್ಮು ಮತ್ತು ಕಾಶ್ಮೀರ ಬಿಟ್ಟು ಉಳಿದ ದೇಶಕ್ಕೆಲ್ಲ ಕೇಂದ್ರದ ಕಾಯ್ದೆ ಬಂತು.

ಇತಿಹಾಸ ಇಷ್ಟು ಸಾಕು, ಹಿಂಬರಹಕ್ಕೆ ಬರೋಣ.

ಹಿಂಬರಹ ಬಂದ ಕೂಡಲೇ ಮೊದಲು ಲಕೋಟೆಯನ್ನು ಎತ್ತಿಡಿ. ಎಷ್ಟೋ ಮಂದಿ ಅದನ್ನು ಹರಿದು ಬಿಸಾಡಿ ಒಳಗಿನ ಹಾಳೆಯನ್ನಷ್ಟೇ ತರುತ್ತಾರೆ. ಹಾಳೆಯ ಮೇಲೆ ಅರ್ಜಿ ಕೊಟ್ಟ 28ನೇ ದಿನದ ತಾರೀಖು ಇರುತ್ತದೆ, ಅಂಚೆ ಮೊಹರು ನೋಡಿದರೆ 37ನೇ ದಿನ. ಆ ಮೊಹರು ಎರಡು ಕೆಲಸ ಮಾಡುತ್ತದೆ. 30 ದಿನ ಮೀರಿದ ಮೇಲೆ ಕೊಡುವ ಮಾಹಿತಿಗೆ ಪ್ರತಿ ಶುಲ್ಕ ಕೇಳುವಂತಿಲ್ಲ, ಕಲಂ 7(6). ನಿಮ್ಮ ಮೇಲ್ಮನವಿಯ 30 ದಿನಗಳು ಎಣಿಕೆಯಾಗುವುದೂ ಹಿಂಬರಹ ನಿಮ್ಮ ಕೈಸೇರಿದ ದಿನದಿಂದ, ಅದಕ್ಕೆ ಸಹಿ ಬಿದ್ದ ದಿನದಿಂದಲ್ಲ.

ಆಮೇಲೆ ಹಾಳೆಯನ್ನು ಓದಿ. ಕಲಂ 7(8)ರ ಪ್ರಕಾರ ಅದರಲ್ಲಿ ಮೂರು ಸಂಗತಿ ಇರಲೇಬೇಕು: ನಿರಾಕರಣೆಗೆ ಕಾರಣ, ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂಬುದು, ಯಾರಿಗೆ ಸಲ್ಲಿಸಬೇಕು ಎಂಬ ವಿವರ. ಇವುಗಳಲ್ಲಿ ಯಾವುದು ಇಲ್ಲದಿದ್ದರೂ ಅದೇ ನಿಮ್ಮ ಮೇಲ್ಮನವಿಯ ಮೊದಲ ಅಂಶ. ಕಾರಣ ಎಂದರೆ ‘ಕಲಂ 8ರ ಪ್ರಕಾರ’ ಎಂದು ಒಂದು ಸಂಖ್ಯೆ ನಮೂದಿಸುವುದಲ್ಲ. ಕೊಟ್ಟರೆ ಯಾರಿಗೆ ಯಾವ ತೊಂದರೆ, ಅದು ಈ ಕಡತದ ಯಾವ ಭಾಗದಿಂದ ಎಂದು ಬರೆಯಬೇಕು. ಉತ್ತರವೇ ಬಾರದೆ 30 ದಿನ ಕಳೆದರೆ ಅದನ್ನೂ ಕಾನೂನು ನಿರಾಕರಣೆ ಎಂದೇ ಎಣಿಸುತ್ತದೆ. ಕಾಯುತ್ತ ಕೂರಬೇಡಿ, 31ನೇ ದಿನದಿಂದ ಮೇಲ್ಮನವಿಯ ಗಡಿಯಾರ ಓಡುತ್ತಿರುತ್ತದೆ.

ನಮ್ಮ ಕಡೆಯ ಹಿಂಬರಹಗಳಲ್ಲಿ ಮತ್ತೆ ಮತ್ತೆ ಬರುವ ಕಾರಣ ‘ಕಡತ ಲಭ್ಯವಿಲ್ಲ’. ಕಲಂ 8 ಮತ್ತು 9ರಲ್ಲಿರುವ ವಿನಾಯಿತಿಗಳನ್ನು ಮೇಲಿಂದ ಕೆಳಗೆ ಓದಿ: ದೇಶದ ಭದ್ರತೆ ಇದೆ, ವ್ಯಾಪಾರ ರಹಸ್ಯ ಇದೆ, ಸಚಿವ ಸಂಪುಟದ ಟಿಪ್ಪಣಿ ಇದೆ. ಕಡತ ಲಭ್ಯವಿಲ್ಲ ಎನ್ನುವುದು ಎಲ್ಲಿಯೂ ಇಲ್ಲ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ ಇಟ್ಟುಕೊಳ್ಳುವುದು ಕಲಂ 4(1)(ಎ) ಪ್ರಕಾರ ಕಚೇರಿಯದೇ ಕರ್ತವ್ಯ. 2013ರಲ್ಲಿ ದೆಹಲಿ ಹೈಕೋರ್ಟು ವಿಶ್ವಾಸ್ ಭಾಂಬೂರ್ಕರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಒಂದು ಕಾಲಕ್ಕೆ ಕಚೇರಿಯಲ್ಲಿದ್ದ ದಾಖಲೆ ಸಿಗುತ್ತಿಲ್ಲ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಸರಿಯಾಗಿ ಹುಡುಕಿಸಬೇಕು, ಕಳೆದುಹೋಗಿದ್ದರೆ ಹೊಣೆ ಯಾರದೆಂದು ಗೊತ್ತುಮಾಡಬೇಕು. ನಮ್ಮಲ್ಲಿ 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮವೂ ಇದೆ. ಹಾಗಾಗಿ ಮೇಲ್ಮನವಿಯಲ್ಲಿ ಕೇಳಬೇಕಾದ್ದು ಇಷ್ಟು: ಕಡತ ಕೊನೆಯದಾಗಿ ಯಾರ ವಶದಲ್ಲಿತ್ತು, ಪ್ರಭಾರ ವಹಿಸಿಕೊಂಡಾಗಿನ ಪಟ್ಟಿಯಲ್ಲಿ ಅದು ಇದೆಯೇ, ಹುಡುಕಿದ್ದು ಯಾರು, ಎಲ್ಲೆಲ್ಲಿ? ಈ ಪ್ರಶ್ನೆಗಳು ಕಚೇರಿಗೆ ಹೋದ ಮೇಲೆ ರೆಕಾರ್ಡ್ ರೂಮಿನ ಬೀರುವಿನಿಂದ ಕಡತಗಳು ಹೊರಬಂದದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ಇನ್ನೊಂದು ಕಾರಣ, ಮಾಹಿತಿ ಬೃಹತ್ತಾಗಿದೆ ಎನ್ನುವುದು. ಇದಕ್ಕೆ ಕಲಂ 7(9) ಉಲ್ಲೇಖಿಸುತ್ತಾರೆ. ಆ ಕಲಮು ಮಾತಾಡುವುದು ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕು ಎಂಬುದನ್ನು ಮಾತ್ರ. ಕೇಳಿದ ರೂಪದಲ್ಲಿ ಕೊಡುವುದು ಕಚೇರಿಗೆ ಮಿತಿಮೀರಿದ ಹೊರೆಯಾದರೆ ಬೇರೆ ರೂಪದಲ್ಲಿ ಕೊಡಬೇಕು. ಬಂದು ಕಡತ ನೋಡಿಕೊಂಡು ಬೇಕಾದ ಪುಟ ಗುರುತು ಮಾಡಿ ಎನ್ನಬಹುದು. ಕೊಡುವುದೇ ಇಲ್ಲ ಎನ್ನಲು ಅದು ದಾರಿಯಲ್ಲ. ಇದರ ಜೊತೆಗೆ ಸುಪ್ರೀಂ ಕೋರ್ಟಿನ 2011ರ ಆದಿತ್ಯ ಬಂದೋಪಾಧ್ಯಾಯ ತೀರ್ಪಿನ ಒಂದು ಭಾಗವನ್ನೂ ಎತ್ತಿ ಬರೆಯುತ್ತಾರೆ. ವಿವೇಚನೆಯಿಲ್ಲದ ಅರ್ಜಿಗಳಿಂದ ನೌಕರರ ಹೊತ್ತೆಲ್ಲ ಮಾಹಿತಿ ಕೂಡಿಹಾಕುವುದರಲ್ಲೇ ಕಳೆಯಬಾರದು ಎಂಬ ಮಾತು ಆ ತೀರ್ಪಿನಲ್ಲಿ ನಿಜಕ್ಕೂ ಇದೆ. ಆದರೆ ಅದೇ ತೀರ್ಪು ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಎಂದೂ, ಪರೀಕ್ಷಾ ಮಂಡಳಿಯ ಆಕ್ಷೇಪಣೆ ನಿಲ್ಲುವುದಿಲ್ಲ ಎಂದೂ ಹೇಳಿತು. ಮೇಲ್ಮನವಿಯಲ್ಲಿ ಆ ಅರ್ಧವನ್ನೂ ಬರೆಯಿರಿ. ನಮ್ಮ ರಾಜ್ಯದ ನಿಯಮಗಳಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದ ಮೀರಬಾರದು ಎಂದು ಆಗಲೇ ಕಟ್ಟು ಹಾಕಿಟ್ಟಿದ್ದಾರೆ. ಅಷ್ಟು ಚಿಕ್ಕ ಅರ್ಜಿಯನ್ನೂ ಬೃಹತ್ತು ಎಂದರೆ ಯಾಕೆ ಎಂದು ಕೇಳಲೇಬೇಕು.

ತನಿಖೆ ನಡೆಯುತ್ತಿದೆ ಎಂಬ ಕಾರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತನಿಖೆ ಇದೆ ಎಂದರೆ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು 2007ರಲ್ಲೇ ದೆಹಲಿ ಹೈಕೋರ್ಟು ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿಯಾಗಿದೆ.

ಈಗ ಒಂದು ಪ್ರಕರಣವನ್ನು ಹತ್ತಿರದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನದು. ಒಬ್ಬ ತಾಯಿ, ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಶಾಲೆಯ ಎರಡು ಕೊಠಡಿಗೆ ದುರಸ್ತಿ ಕಾಮಗಾರಿ ಮಂಜೂರಾಗಿ, ಮುಗಿದಿದೆ ಎಂದು ಬೋರ್ಡೂ ಬಿದ್ದಿತ್ತು. ಆಕೆ ಅಂದಾಜು ಪಟ್ಟಿ, ಅಳತೆ ಪುಸ್ತಕ, ಅಂತಿಮ ಬಿಲ್ಲು ಮೂರರ ನಕಲು ಕೇಳಿದರು. ಹಿಂಬರಹ ಬಂತು: ಗುತ್ತಿಗೆದಾರರು ಮೂರನೇ ವ್ಯಕ್ತಿಯಾಗಿದ್ದು, ಅವರು ಆಕ್ಷೇಪಣೆ ಸಲ್ಲಿಸಿರುವುದರಿಂದ, ವೈಯಕ್ತಿಕ ಮಾಹಿತಿಯಾಗಿರುವುದರಿಂದ, ಕಲಂ 8(1)(ಜೆ) ಮೇರೆಗೆ ನೀಡಲು ಅವಕಾಶವಿರುವುದಿಲ್ಲ.

ಆಕೆ ಬರೆದು ತಂದಿದ್ದ ಮೇಲ್ಮನವಿ ನಾಲ್ಕು ಪುಟ ಇತ್ತು. ಅದರಲ್ಲಿ ಗುತ್ತಿಗೆದಾರನ ಮನೆಯ ವಿಚಾರವಿತ್ತು, ಹಳೆಯ ಚುನಾವಣೆಯ ಜಗಳವಿತ್ತು. ಅದೆಲ್ಲ ನಿಜವೇ ಇರಬಹುದು. ಮೇಲ್ಮನವಿಗೆ ಅದು ಬೇಡ, ಮೇಲ್ಮನವಿ ಭ್ರಷ್ಟಾಚಾರದ ದೂರಲ್ಲ. ಕೂತು ಒಂದೂವರೆ ಪುಟಕ್ಕೆ ಇಳಿಸಿದೆವು. ಹಿಂಬರಹ ಕೊಟ್ಟ ಪ್ರತಿ ಕಾರಣಕ್ಕೆ ಒಂದು ಕಂಡಿಕೆ. ಕಲಂ 11ರಡಿ ಮೂರನೇ ವ್ಯಕ್ತಿಗೆ ತಿಳುವಳಿಕೆ ಪತ್ರ ಕೊಟ್ಟು ಅಹವಾಲು ಕೇಳಬೇಕು, ಹತ್ತು ದಿನ ಅವಕಾಶ ಕೊಡಬೇಕು ನಿಜ. ಆದರೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅಧಿಕಾರಿ, ಗುತ್ತಿಗೆದಾರ ಅಲ್ಲ. ಸರ್ಕಾರದ ದುಡ್ಡಿನಲ್ಲಿ ಸರ್ಕಾರಿ ಶಾಲೆಗೆ ಮಾಡಿದ ಕೆಲಸದ ಅಳತೆಯನ್ನು ಸರ್ಕಾರದ ಎಂಜಿನಿಯರ್ ಬರೆದುಕೊಂಡಿದ್ದಾರೆ, ಅದು ಯಾರ ವೈಯಕ್ತಿಕ ಮಾಹಿತಿ? ಬಿಲ್ಲಿನಲ್ಲಿ ಗುತ್ತಿಗೆದಾರರ ಬ್ಯಾಂಕ್ ಖಾತೆ ಸಂಖ್ಯೆ, ಪ್ಯಾನ್ ಸಂಖ್ಯೆ ಇರುತ್ತದೆ. ಅದು ನಮಗೆ ಬೇಡ. ಕಲಂ 10ರ ಪ್ರಕಾರ ಅಷ್ಟನ್ನು ಮುಚ್ಚಿ ಉಳಿದದ್ದನ್ನು ಕೊಡಿ.

ಈ ಕೊನೆಯ ಕಂಡಿಕೆಯೇ ಕೆಲಸ ಮಾಡಿತು ಎಂದು ನನ್ನ ನಂಬಿಕೆ. ಪೂರ್ತಿ ಕೊಡು ಇಲ್ಲವೇ ಪೂರ್ತಿ ನಿರಾಕರಿಸು ಎಂಬ ಇಕ್ಕಟ್ಟಿನಲ್ಲಿ ಅಧಿಕಾರಿಯನ್ನು ನಿಲ್ಲಿಸಿದರೆ ಆತ ನಿರಾಕರಿಸುವುದೇ ಹೆಚ್ಚು. ಮುಚ್ಚಬೇಕಾದ್ದನ್ನು ಅರ್ಜಿದಾರರೇ ಬಿಟ್ಟುಕೊಟ್ಟರೆ ಆತನಿಗೂ ಒಂದು ದಾರಿ ಸಿಗುತ್ತದೆ. ವಿಚಾರಣೆಯ ದಿನ ಮೇಲಧಿಕಾರಿ, “ನಿಮಗೆ ಇದು ಯಾಕಮ್ಮ ಬೇಕು?” ಎಂದು ಕೇಳಿದರು. ಕೇಳುವಂತಿಲ್ಲ ಎಂದು ನಾನು ಬಾಯಿ ತೆಗೆಯುವ ಮೊದಲೇ ಆಕೆ, “ಹೇಳ್ಬೇಕಾಗಿಲ್ಲ ಅಂತ ನಂಗೊತ್ತು ಸಾರ್. ಆದ್ರೂ ಹೇಳ್ತೀನಿ. ಮಳೆ ಬಂದ್ರೆ ಮಕ್ಕಳು ಮೂಲೇಲಿ ಒತ್ತಿಕೊಂಡು ಕೂರ್ತವೆ. ಹೆಂಚು ಬದಲಾಯಿಸಿದ್ರೆ ಯಾಕೆ ಸೋರುತ್ತೆ?” ಎಂದರು. ಅಧಿಕಾರಿ ಅಳತೆ ಪುಸ್ತಕ ತರಿಸಿ ಮೇಜಿನ ಮೇಲೆ ಬಿಡಿಸಿದರು. ಹಳೆಯ ಹೆಂಚು ತೆಗೆದು ಹೊಸ ಹೆಂಚು ಹೊದಿಸಿದ್ದಕ್ಕೆ ಚದರ ಮೀಟರಿನ ಲೆಕ್ಕದಲ್ಲಿ ಅಳತೆ ಬರೆದಿತ್ತು. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಶಾಲೆಯ ಮೇಲಿದ್ದದ್ದು ಹಳೆಯ ಹೆಂಚೇ. ಖಾತೆ ಸಂಖ್ಯೆ ಮುಚ್ಚಿದ ನಕಲು ಪ್ರತಿಗಳು ಅವತ್ತೇ ಸಿಕ್ಕವು. ಆಮೇಲಿನ ಕಥೆ ಬೇರೆ ಇಲಾಖೆಯದು.

ಪ್ರಥಮ ಮೇಲ್ಮನವಿ ಬರೀ ಶಾಸ್ತ್ರಕ್ಕೆ, ಅದೇ ಕಚೇರಿಯ ಮೇಲಿನ ಕುರ್ಚಿ ಕೆಳಗಿನ ಕುರ್ಚಿಯನ್ನು ಬಿಟ್ಟುಕೊಡುತ್ತದೆಯೇ ಎಂದು ಕೇಳುವವರಿದ್ದಾರೆ. ಆ ಅನುಮಾನಕ್ಕೆ ಆಧಾರವಿದೆ, ಇಲ್ಲವೆನ್ನುವುದಿಲ್ಲ. ‘ಸಾರ್ವಜನಿಕ ಮಾಹಿತಿ ಅಧಿಕಾರಿಯ ಕ್ರಮ ಸರಿಯಿದೆ, ಮೇಲ್ಮನವಿ ವಜಾ’ ಎಂಬ ಒಂದೇ ಸಾಲಿನ ಆದೇಶಗಳು ನನ್ನ ಬಳಿ ಒಂದು ಕಟ್ಟು ಇವೆ. ಆದರೂ ಇಡೀ ವ್ಯವಸ್ಥೆಯಲ್ಲಿ ಕಡತಕ್ಕೆ ಅತಿ ಹತ್ತಿರ ಇರುವ ಮೇಲ್ಮನವಿ ಇದೊಂದೇ. 30 ದಿನದಲ್ಲಿ, ಕಾರಣ ಬರೆದು ಮುಂದುವರಿಸಿದರೆ ಒಟ್ಟು 45 ದಿನದಲ್ಲಿ ತೀರ್ಮಾನವಾಗಬೇಕು ಎಂಬ ಗಡುವು ಇರುವುದೂ ಇದಕ್ಕೆ ಮಾತ್ರ. ಮಾಹಿತಿ ಆಯೋಗದ ಮುಂದಿನ ಎರಡನೇ ಮೇಲ್ಮನವಿಗೆ ಕಾಯ್ದೆಯಲ್ಲಿ ಯಾವ ಗಡುವೂ ಇಲ್ಲ. ಸತರ್ಕ್ ನಾಗರಿಕ ಸಂಘಟನ್ ಎಂಬ ಸಂಸ್ಥೆ ಈ ಆಯೋಗಗಳ ಕೆಲಸದ ಲೆಕ್ಕವನ್ನು ಪ್ರತಿ ವರ್ಷ ತೆಗೆಯುತ್ತದೆ. 2024ರ ಜೂನ್ ಕೊನೆಗೆ ದೇಶದ ಆಯೋಗಗಳಲ್ಲಿ ಬಾಕಿ ಇದ್ದ ಮೇಲ್ಮನವಿ ಮತ್ತು ದೂರುಗಳು 4 ಲಕ್ಷಕ್ಕೂ ಹೆಚ್ಚು. ಆಯೋಗಗಳ ಹುದ್ದೆಗಳು ಖಾಲಿಯಾಗುವ ಮೊದಲೇ ತುಂಬುವ ಕೆಲಸ ಶುರುಮಾಡಿ ಎಂದು ಸುಪ್ರೀಂ ಕೋರ್ಟು 2019ರ ಫೆಬ್ರುವರಿಯಲ್ಲಿ ಅಂಜಲಿ ಭಾರದ್ವಾಜ್ ಪ್ರಕರಣದಲ್ಲಿ ಹೇಳಿದ ಮೇಲೂ ಇದು ಸ್ಥಿತಿ. ಬೆಂಗಳೂರಿನ ಮಾಹಿತಿ ಸೌಧದಲ್ಲಿ ಕರ್ನಾಟಕ ಮಾಹಿತಿ ಆಯೋಗದ ಮುಂದೆ ಸರದಿ ಬರುವ ಹೊತ್ತಿಗೆ ಎಷ್ಟೋ ಅರ್ಜಿದಾರರಿಗೆ ಆ ಕಾಗದದ ಅಗತ್ಯವೇ ಮುಗಿದುಹೋಗಿರುತ್ತದೆ. ಅದಕ್ಕೇ ಹೇಳುತ್ತೇನೆ, ಪ್ರಥಮ ಮೇಲ್ಮನವಿಯನ್ನು ಎರಡನೆಯದಕ್ಕೆ ಹೋಗುವ ಟಿಕೆಟ್ಟಿನ ಹಾಗೆ ಬರೆಯಬೇಡಿ. ಅಲ್ಲೇ ಗೆಲ್ಲಬೇಕೆಂದು ಬರೆಯಿರಿ.

ಈ ಸಭೆಯಲ್ಲಿ ಪ್ರಥಮ ಮೇಲ್ಮನವಿ ಪ್ರಾಧಿಕಾರಿಗಳಾಗಿ ಕೆಲಸ ಮಾಡುವವರು ಇದ್ದೀರಿ. ನಿಮಗೆ ಒಂದು ಮಾತು. ಆ ಕುರ್ಚಿಯಲ್ಲಿ ಕೂತಾಗ ನೀವು ಕಚೇರಿಯ ಯಜಮಾನರಲ್ಲ, ಅರೆ ನ್ಯಾಯಿಕ ಅಧಿಕಾರಿ. ಎರಡೂ ಕಡೆಯ ಮಾತು ಬರೆದುಕೊಂಡು, ಕಾರಣ ಬರೆದು ಆದೇಶ ಮಾಡಿ. ನಿಮ್ಮ ಕೈಕೆಳಗಿನವರಿಗೂ ಅದೇ ಒಳ್ಳೆಯದು, ಏಕೆಂದರೆ ಮುಂದೆ ಆಯೋಗದಲ್ಲಿ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳುವುದು ಅವರ ಮೇಲೆ, ನಿಮ್ಮ ಮೇಲಲ್ಲ. ಮಾಹಿತಿ ಹಕ್ಕನ್ನು ಹೆದರಿಸಿ ದುಡ್ಡು ಕೀಳಲು ಬಳಸುವವರು ಇದ್ದಾರೆ, ನಿಮ್ಮ ಸಂಕಟ ನನಗೆ ಗೊತ್ತಿದೆ. ಅದಕ್ಕೆ ಪೊಲೀಸ್ ಠಾಣೆ ಇದೆ. ಅಂಥವರ ನೆಪದಲ್ಲಿ ಆ ತಾಯಿಯಂಥವರ ಅರ್ಜಿಗೆ ಬಾಗಿಲು ಹಾಕುವುದು ನ್ಯಾಯವಲ್ಲ.

ಬಹಳ ಜನ ಎಡವುವ ಇನ್ನೊಂದು ಜಾಗ ಇದೆ. ಹಿಂಬರಹ ಬಂದ ಸಿಟ್ಟಿಗೆ ಪ್ರಥಮ ಮೇಲ್ಮನವಿ ಬಿಟ್ಟು ನೇರವಾಗಿ ಆಯೋಗಕ್ಕೆ ಕಲಂ 18ರಡಿ ದೂರು ಹಾಕುತ್ತಾರೆ. ವರ್ಷ ಕಾದು ವಿಚಾರಣೆಗೆ ಹೋದರೆ ಅಧಿಕಾರಿಗೆ ದಂಡ ಬೀಳಬಹುದು, ಆದರೆ ಕೇಳಿದ ಮಾಹಿತಿ ಬರುವುದಿಲ್ಲ. 2011ರ ಡಿಸೆಂಬರ್‌ನಲ್ಲಿ ಮಣಿಪುರ ರಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ತೀರ್ಮಾನಿಸಿದೆ: ಕಲಂ 18ರ ದೂರಿನಲ್ಲಿ ಮಾಹಿತಿ ಕೊಡಿ ಎಂದು ಆದೇಶಿಸುವ ಅಧಿಕಾರ ಆಯೋಗಕ್ಕಿಲ್ಲ, ಮಾಹಿತಿ ಬೇಕಾದರೆ ಕಲಂ 19ರ ಮೇಲ್ಮನವಿಯ ದಾರಿಯಲ್ಲೇ ಹೋಗಬೇಕು. ಬೇಕಾದ್ದು ಕಾಗದವೇ ಆದರೆ ಮೊದಲು 30 ದಿನದೊಳಗೆ ಪ್ರಥಮ ಮೇಲ್ಮನವಿ, ಆಮೇಲೆ 90 ದಿನದೊಳಗೆ ಎರಡನೆಯದು. ದಿನ ಮೀರಿದ್ದರೆ ತಡವಾದದ್ದಕ್ಕೆ ಸಕಾರಣ ಬರೆಯಿರಿ, ಅದನ್ನು ಮನ್ನಿಸುವ ಅಧಿಕಾರ ಎರಡೂ ಹಂತದಲ್ಲಿ ಇದೆ. ಎರಡನೇ ಮೇಲ್ಮನವಿಯಲ್ಲಿ ದಂಡದ ಜೊತೆ ಕಲಂ 19(8)(ಬಿ) ಅಡಿ ನಷ್ಟ ಪರಿಹಾರವನ್ನೂ ಕೇಳಬಹುದು. ಓಡಾಟದ ಬಸ್ ಚಾರ್ಜಿನ, ಕೂಲಿ ತಪ್ಪಿದ್ದರ ಲೆಕ್ಕ ಬರೆದಿಟ್ಟುಕೊಂಡಿದ್ದರೆ ಅದು ಅಲ್ಲಿ ಕೆಲಸಕ್ಕೆ ಬರುತ್ತದೆ.

ಕೊನೆಗೆ, ನನ್ನನ್ನು ಈಚೆಗೆ ಅತಿ ಹೆಚ್ಚು ಕಾಡುತ್ತಿರುವ ವಿಷಯ. ಕಲಂ 8(1)(ಜೆ) ಮೊದಲಿನಂತಿಲ್ಲ. ವೈಯಕ್ತಿಕ ಮಾಹಿತಿಗೆ ಸಾರ್ವಜನಿಕ ಚಟುವಟಿಕೆಯೊಂದಿಗೆ ಸಂಬಂಧವಿಲ್ಲದಿದ್ದರೆ, ಅಥವಾ ಅದು ಖಾಸಗಿ ಬದುಕಿನೊಳಗೆ ಅನಗತ್ಯವಾಗಿ ನುಗ್ಗುವಂತಿದ್ದರೆ ಮಾತ್ರ ನಿರಾಕರಿಸಬಹುದು ಎಂದು ಮೊದಲು ಇತ್ತು. ಸಂಸತ್ತಿಗೆ, ಶಾಸಕಾಂಗಕ್ಕೆ ನಿರಾಕರಿಸಲಾಗದ್ದನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ದೊಡ್ಡ ಮಾತೂ ಅಲ್ಲೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಕಲಂ 44(3) ಇವೆಲ್ಲವನ್ನೂ ತೆಗೆದುಹಾಕಿತು, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಈಗ ಅಲ್ಲಿ ಉಳಿದಿರುವುದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟೇ. ಹೆಸರಿರುವ ಯಾವ ಕಾಗದವನ್ನೂ, ಹಾಜರಿ ಪಟ್ಟಿಯನ್ನೂ, ಫಲಾನುಭವಿಗಳ ಪಟ್ಟಿಯನ್ನೂ ಇದರೊಳಗೆ ತುರುಕಬಹುದು. ಬ್ಯಾವರ್‌ನಲ್ಲಿ ಕೂತವರು ಕೇಳಿದ್ದು ಅಂಥದೇ ಪಟ್ಟಿ. ಖಾಸಗಿತನ ದೊಡ್ಡ ಹಕ್ಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಖಾಸಗಿತನದ ಹೆಸರಲ್ಲಿ ಸಾರ್ವಜನಿಕ ದುಡ್ಡಿನ ಲೆಕ್ಕ ಮರೆಯಾಗುವುದಕ್ಕೆ ನನ್ನ ತಕರಾರು.

ಹಾಗೆಂದು ಮೇಲ್ಮನವಿ ಬರೆಯುವವರ ಕೈ ಖಾಲಿಯಾಗಿಲ್ಲ. ಕಲಂ 8(2)ನ್ನು ಯಾರೂ ಮುಟ್ಟಿಲ್ಲ. ಬಹಿರಂಗಪಡಿಸುವುದರಿಂದ ಆಗುವ ಸಾರ್ವಜನಿಕ ಹಿತ, ರಕ್ಷಿಸಬೇಕಾದ ಹಿತಕ್ಕೆ ಆಗುವ ಹಾನಿಗಿಂತ ಹೆಚ್ಚಿದ್ದರೆ ವಿನಾಯಿತಿ ಇದ್ದಾಗಲೂ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ಕಲಂ 10 ಹಾಗೆಯೇ ಇದೆ, 19(5) ಹಾಗೆಯೇ ಇದೆ. ಆದರೆ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂಬ ಎರಡು ಪದ ಬರೆದು ಬಿಟ್ಟರೆ ಇನ್ನು ನಡೆಯುವುದಿಲ್ಲ. ಆ ತಾಯಿಯ ಮೇಲ್ಮನವಿಯನ್ನು ಇವತ್ತು ಬರೆಯಬೇಕಾದರೆ ನಾನು ಅದಕ್ಕೆ ಇನ್ನೊಂದು ಕಂಡಿಕೆ ಸೇರಿಸುತ್ತೇನೆ: ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ಯಾವ ಕೊಠಡಿ ಸೋರುತ್ತದೆ, ಬೋರ್ಡಿನಲ್ಲಿ ಬರೆದಿರುವ ಮೊತ್ತವೆಷ್ಟು, ಮಳೆಗಾಲದಲ್ಲಿ ತೆಗೆದ ಚಾವಣಿಯ ಚಿತ್ರ, ಮುಖ್ಯೋಪಾಧ್ಯಾಯರು ಇಲಾಖೆಗೆ ಬರೆದ ಪತ್ರದ ದಿನಾಂಕ. ಇದರ ಎದುರಿಗೆ, ಖಾತೆ ಸಂಖ್ಯೆ ಮುಚ್ಚಿದ ಮೇಲೂ ಗುತ್ತಿಗೆದಾರರಿಗೆ ಆಗುವ ಹಾನಿ ಏನೆಂದು ಅಧಿಕಾರಿ ಬರೆದು ತೋರಿಸಲಿ ಎಂದು ಕೇಳುತ್ತೇನೆ. ತಿದ್ದುಪಡಿಯಾದ ಈ ಕಲಮಿನ ಮೇಲೆ ಪ್ರಥಮ ಮೇಲ್ಮನವಿ ಪ್ರಾಧಿಕಾರಿಗಳು ಏನು ಬರೆಯುತ್ತಾರೆ, ಆಯೋಗ ಏನು ಹೇಳುತ್ತದೆ ಎಂಬುದು ಇನ್ನು ಮುಂದೆ ಸಲ್ಲಿಕೆಯಾಗುವ ಮೇಲ್ಮನವಿಗಳ ಮೇಲೆ ನಿಂತಿದೆ. ಇಂಥ ಹಿಂಬರಹ ಬಂದವರು ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, 30 ದಿನದೊಳಗೆ ತನ್ನಿ. ಲಕೋಟೆಯ ಸಮೇತ.